ಮೊದಲ ವಾರ ಬಂದವರಿಗೂ, ಮೂರನೇ ವರ್ಷವೂ ಬರುತ್ತಲೇ ಇದ್ದವರಿಗೂ

ಕರ್ತನಲ್ಲಿ ಪ್ರಿಯರಾದ ಸಭೆಯವರಿಗೆ, ಸಭಾಪಾಲಕರಿಗೆ, ನೆರೆಹೊರೆಯವರಿಗೆ, ಡಯಾಲಿಸಿಸ್ ಘಟಕದ ಎಲ್ಲರಿಗೆ ನಮ್ಮ ಮನೆಯವರ ವಂದನೆಗಳು.

ನನ್ನ ಯಜಮಾನರಿಗೆ ಕಿಡ್ನಿ ಕಸಿ ಆಗಿ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆಯೆಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಹತೋಟಿಯಲ್ಲಿದೆ, ಮುಖಕ್ಕೆ ಮತ್ತೆ ಬಣ್ಣ ಬಂದಿದೆ, ಕೆಲಸಕ್ಕೂ ಹೋಗುತ್ತಿದ್ದಾರೆ. ಬರುವ ಭಾನುವಾರದ ಆರಾಧನೆಯಲ್ಲಿ ಕೃತಜ್ಞತಾ ಕಾಣಿಕೆ ಸಲ್ಲಿಸುತ್ತೇವೆ. ಆದರೆ ಅಲ್ಲಿ ಎದ್ದು ನಿಂತು ಎರಡು ಮಾತು ಹೇಳಿದರೆ ನನ್ನ ಮನಸ್ಸಿಗೆ ಸಾಲುವುದಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಡಯಾಲಿಸಿಸ್ ಅಂದರೆ ಏನೆಂದು ಹತ್ತಿರದಿಂದ ಕಾಣದವರಿಗೆ ಹೇಳಬೇಕು. ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ಇನ್ನೊಂದರಿಂದ ಮರಳಿ ಬರಬೇಕು. ಮುಗಿದ ಮೇಲೆ ಆ ದಿನವಿಡೀ ಸುಸ್ತು. ಕುಡಿಯುವ ನೀರಿಗೆ ಅಳತೆ, ಉಪ್ಪಿಗೆ ಅಳತೆ. ಕರಾವಳಿಯವರಾದ ನಮಗೆ ಗಂಜಿ-ಉಪ್ಪಿನಕಾಯಿ ಇಲ್ಲ, ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ. ತರಕಾರಿಯನ್ನು ಹೆಚ್ಚಿ, ಬೇಯಿಸಿ, ಆ ನೀರು ಬಸಿದು ಚೆಲ್ಲಿ ಆಮೇಲೆ ಪಲ್ಯ ಮಾಡಬೇಕು; ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಇದಕ್ಕೆ ಇಂಥ ದಿನ ಮುಗಿಯುತ್ತದೆ ಎಂಬ ಲೆಕ್ಕವೂ ಇಲ್ಲ. ಜ್ವರವಾದರೆ ಇಳಿಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಇದು ಮಾತ್ರ ಮಂಗಳವಾರ ಮುಗಿದರೆ ಶುಕ್ರವಾರ ಮತ್ತೆ ಇದೆ.

ಕಷ್ಟ ಬಂದ ಮೊದಲ ವಾರ ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಡಲು ಜಾಗ ಇರಲಿಲ್ಲ. ಹಣ್ಣು ತಂದರು, ಪ್ರಾರ್ಥಿಸಿದರು, ಕೈ ಹಿಡಿದು ಅತ್ತರು. ಅವರೆಲ್ಲರಿಗೂ ನನ್ನ ವಂದನೆ ಇದೆ. ಆ ದಿನಗಳಲ್ಲಿ ಅದೇ ನಮ್ಮನ್ನು ಹಿಡಿದು ನಿಲ್ಲಿಸಿತು. ಎರಡು ವರ್ಷ ಕಳೆದು, ನಮ್ಮ ಸುದ್ದಿ ಹಳತಾಗಿ, ಕೇಳಿದರೆ ಹೇಳುವಂಥ ಹೊಸ ಸಂಗತಿ ಏನೂ ಇಲ್ಲದಿದ್ದಾಗಲೂ ಕೆಲವರು ಬರುತ್ತಲೇ ಇದ್ದರು. ಅವರ ಬಗ್ಗೆ ನಾನು ವಿವರವಾಗಿ ಬರೆಯಲೇಬೇಕು.

ಸ್ತ್ರೀಯರ ಸಂಘದ ಅಕ್ಕಂದಿರು ಊಟಕ್ಕೆ ಸರದಿ ಹಾಕಿಕೊಂಡರು. ಡಯಾಲಿಸಿಸ್ ಇರುವ ದಿನ ಮಧ್ಯಾಹ್ನದ ಬುತ್ತಿ ಅವರಲ್ಲಿ ಒಬ್ಬರ ಮನೆಯಿಂದ. ನಾನು ಕೊಟ್ಟ ಪಥ್ಯದ ಪಟ್ಟಿಯನ್ನು ಪ್ರತಿಯೊಬ್ಬರೂ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದರು. ಅಷ್ಟು ಮನೆಗಳಲ್ಲಿ, ಅಷ್ಟು ವರ್ಷ, ನಮಗಾಗಿ ತರಕಾರಿ ಬಸಿದರು. ಸಂಘದ ಹಿರಿಯ ಅಕ್ಕ ಒಬ್ಬರು ತಮ್ಮ ಮಂಡಿನೋವಿನಲ್ಲೂ ಬಸ್ಸು ಹಿಡಿದು ಬುತ್ತಿ ತಂದು ಕೊಟ್ಟು, ಕೂರದೆ ಹೊರಟುಬಿಡುತ್ತಿದ್ದರು. "ನೀನು ಸ್ವಲ್ಪ ಮಲಗು ಮಗಾ, ನನ್ನ ಹತ್ತಿರ ಮಾತಾಡುತ್ತ ಕೂರಬೇಡ" ಅನ್ನುವರು. ರೋಗಿಯ ಹೆಂಡತಿಗೆ ನಿದ್ದೆ ಬೇಕೆಂದು ಅರ್ಥ ಮಾಡಿಕೊಂಡವರು ಅವರೊಬ್ಬರೇ ಇರಬೇಕು.

ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಯನ್ನು ನಮ್ಮ ಯುವಕರು ಕೊಂಡು, ಮತ್ತೆ ಏಲಂಗೆ ಇಟ್ಟು, ಮತ್ತೆ ಕೊಂಡು, ಬಂದ ಹಣವನ್ನು ರಕ್ತ ಹೆಚ್ಚಿಸುವ ಇಂಜೆಕ್ಷನ್ನಿಗೆ ಕೊಟ್ಟರು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ, ಅದು ದೊಡ್ಡ ಉಪಕಾರ. ಆದರೂ ಹೋಗಿ ಬರುವ ಖರ್ಚು, ತಪ್ಪಿದ ಸಂಬಳ, ಔಷಧ ಅಂತ ಮನೆ ಕರಗುತ್ತಲೇ ಇರುತ್ತದೆ. ಅದನ್ನು ನಾವು ಬಾಯಿಬಿಟ್ಟು ಹೇಳುವ ಮುಂಚೆಯೇ ಸಭೆಯ ಹಿರಿಯರು ತಿಳಿದುಕೊಂಡರು.

ರಿಕ್ಷಾ ಓಡಿಸುವ ನಮ್ಮ ನೆರೆಯ ಬ್ಯಾರಿ ಸಹೋದರರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಹೊರಡಬೇಕು. ರಂಜಾನ್ ತಿಂಗಳಲ್ಲಿ ಸಹ್ರಿ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟ, ಮುಗಿಸಿದವರು ನೇರ ನಮ್ಮ ಬಾಗಿಲಿಗೆ ಬಂದರು. ಮಳೆಗಾಲದಲ್ಲಿ ರಿಕ್ಷಾದ ಪರದೆ ಕಟ್ಟಿ, ಯಜಮಾನರ ತೋಳಿಗೆ ಹನಿ ಸಿಡಿಯದಂತೆ ತಾವೇ ಟವೆಲ್ ಹೊದಿಸುತ್ತಿದ್ದರು. ದೇವರು ಅವರ ಮನೆಯನ್ನು ಆಶೀರ್ವದಿಸಲಿ.

ನಾವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಯವರು. ನಮ್ಮ ಮಾವನವರ ತಂದೆ ಮಲ್ಪೆಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಆ ಕಾಲದಲ್ಲಿ ಕ್ರಿಸ್ತನನ್ನು ನಂಬಿದವನಿಗೆ ಮನೆ, ಆಸ್ತಿಯ ಪಾಲು, ಕುಲಕಸುಬು ಮೂರೂ ತಪ್ಪುತ್ತಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಅಂಥವರನ್ನು ಪ್ರಾರ್ಥನೆ ಮಾಡಿ ಕಳುಹಿಸಿಬಿಡಲಿಲ್ಲ. ನೇಯ್ಗೆ ಕಲಿಸಿದರು, ಅಚ್ಚುಕೂಟ ಇಟ್ಟರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧ ಬಂದು ಜರ್ಮನಿಯ ಮಿಷನರಿಗಳು ಬಂಧನಕ್ಕೊಳಗಾಗಿ ಹೊರಟುಹೋದಾಗ, ಕಾರ್ಖಾನೆಗಳು ಕೈತಪ್ಪಿದಾಗ, ಸಭೆಗಳು ಮುಚ್ಚಲಿಲ್ಲ. ಇದೇ ಮಣ್ಣಿನ ಸಭಾಪಾಲಕರು, ಉಪದೇಶಿಗಳು, ಬಡ ಕೂಲಿಗಳು ಅವನ್ನು ಹಿಡಿದುಕೊಂಡರು. ಯುದ್ಧ ಮುಗಿದ ಮೇಲೆ 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಶುರುಮಾಡಿದರು. ನೂರು ವರ್ಷ ದಾಟಿದರೂ ಊರವರಿಗೆ ಅದು ಈಗಲೂ ಮಿಷನ್ ಆಸ್ಪತ್ರೆಯೇ. ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಬರೀ ಬಾಯಿಮಾತಿನಲ್ಲಿ ಬೆಚ್ಚಗಿರು, ತೃಪ್ತನಾಗಿರು ಅಂದರೆ ಏನು ಪ್ರಯೋಜನ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನಲ್ಲ, ನಮ್ಮ ಹಿರಿಯರಿಗೆ ಅದು ಉಪದೇಶದ ವಾಕ್ಯ ಮಾತ್ರ ಆಗಿರಲಿಲ್ಲ. ನಮ್ಮ ಬಾಗಿಲಿಗೆ ಬಂದ ಬುತ್ತಿಯಲ್ಲಿ ನಾನು ಕಂಡದ್ದು ಆ ವಿಶ್ವಾಸವನ್ನೇ.

ನನಗೆ ಪ್ರಾರ್ಥನೆ ಬಾರದ ದಿನಗಳೂ ಇದ್ದವು. ಮುಖ್ಯವಾಗಿ ಆ ಒಂದು ರಾತ್ರಿಯ ನಂತರ. ದಾನಿಗಳ ಅಂಗಕ್ಕಾಗಿ ಕಾಯುವವರ ಸರಕಾರಿ ಪಟ್ಟಿಯಲ್ಲಿ, ಜೀವಸಾರ್ಥಕತೆಯಲ್ಲಿ, ಹೆಸರು ಬರೆಸಿ ಕಾಯುತ್ತಿದ್ದೆವು. ಕರೆ ಬಂತು, ರಾತ್ರೋರಾತ್ರಿ ಮಂಗಳೂರಿಗೆ ಓಡಿದೆವು, ರಕ್ತ ತೆಗೆದರು. ಬೆಳಗಾಗುವ ಹೊತ್ತಿಗೆ ಹೊಂದಾಣಿಕೆ ಆಗಲಿಲ್ಲವೆಂದು ತಿಳಿಯಿತು. ಒಂದು ಕಿಡ್ನಿ ಸಿಕ್ಕಾಗ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕರೆಯುತ್ತಾರೆ, ಅದು ನ್ಯಾಯವೇ. ಆದರೆ ಹಿಂದಿರುಗುವ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಡಯಾಲಿಸಿಸ್ ಇತ್ತು. ಬುತ್ತಿ ಎಂದಿನಂತೆ ಬಂತು. ಆ ಸಂಜೆ ನಮ್ಮ ಸಭಾಪಾಲಕರಾದ ಅಯ್ಯನವರು ಬಂದು, ಗುಂಪಿನಿಂದಾಗಿ ಬಾಗಿಲಲ್ಲಿ ಹೋಗಲಾಗದೆ ಮಾಡಿನಿಂದ ಯೇಸುವಿನ ಮುಂದೆ ಇಳಿಸಿದ ಪಾರ್ಶ್ವವಾಯು ರೋಗಿಯ ಭಾಗವನ್ನು ಬೈಬಲಿನಿಂದ ಓದಿದರು. ನಾಲ್ವರು ಹೊತ್ತು ತಂದರೆಂದು ಮಾರ್ಕನು, ಹೆಂಚು ತೆಗೆದು ಹಾಸಿಗೆ ಸಮೇತ ಇಳಿಸಿದರೆಂದು ಲೂಕನು ಬರೆದಿದ್ದಾನೆ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು ಎಂದು ಅಯ್ಯನವರು ತೋರಿಸಿಕೊಟ್ಟರು. ಮಲಗಿದ್ದವನು ಏನು ಪ್ರಾರ್ಥಿಸಿದನೆಂದು ಅಲ್ಲಿ ಬರೆದೇ ಇಲ್ಲ. ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮೇಲೆ ನೋಡಿದೆ, ಆ ಮಾಡು ಹತ್ತಲು ಎಷ್ಟು ಕಷ್ಟವಾಗಿರಬೇಕೆಂದು ಅನ್ನಿಸಿತು. ನೀವು ಅಷ್ಟು ಕಷ್ಟಪಟ್ಟಿದ್ದೀರಿ. ನನ್ನ ಬಾಯಿ ಕಟ್ಟಿದ ತಿಂಗಳುಗಳಲ್ಲಿ ನಿಮ್ಮ ಪ್ರಾರ್ಥನೆಯ ಮೇಲೆ ನಾವಿಬ್ಬರೂ ಮಲಗಿದ್ದೆವು.

ಎರಡನೆಯ ಕರೆ ನಿಜವಾಯಿತು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ನಮ್ಮ ಮನೆಯಲ್ಲಿ ಸ್ತೋತ್ರ ಹಾಡಿದ ಆ ದಿನವೇ ಇನ್ನೊಂದು ಮನೆಯಲ್ಲಿ ಯಾರೋ ತಮ್ಮವರನ್ನು ಕಳೆದುಕೊಂಡಿದ್ದರು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳು ಸತ್ತಿದೆಯೆಂದು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಐಸಿಯುವಿನ ಹೊರಗೆ ಕೂತು ಆ ಗಂಟೆಗಳನ್ನು ಕಳೆದ ಕುಟುಂಬ, ಯಂತ್ರದ ಉಸಿರಿನಿಂದ ಎದೆ ಇನ್ನೂ ಏರಿಳಿಯುತ್ತಿರುವ ತಮ್ಮವರನ್ನು ನೋಡುತ್ತಲೇ, ಆಗಲಿ ಎಂದು ಸಹಿ ಹಾಕಿತು. ಅವರು ಯಾವ ಊರಿನವರು, ಯಾವ ದೇವರಿಗೆ ಕೈಮುಗಿಯುವವರು ನಮಗೆ ಗೊತ್ತಿಲ್ಲ. ಹೆಸರು ತಿಳಿಸುವುದಿಲ್ಲ ಎಂಬುದು ನಿಯಮ. ಅಮ್ಮಾ, ಅಪ್ಪಾ, ನೀವು ಯಾರೇ ಆಗಿರಿ, ಈ ಬರಹ ಹೇಗಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ಪ್ರತಿ ರಾತ್ರಿ ನಮ್ಮ ಮನೆಯ ಪ್ರಾರ್ಥನೆಯಲ್ಲಿ ನಿಮ್ಮ ಮನೆಯವರಿಗೆ ಜಾಗ ಇದೆ ಎಂದು ತಿಳಿಯಿರಿ. ನಾವಿಬ್ಬರೂ, ನಮ್ಮ ಮಗಳೂ ಅಂಗದಾನಕ್ಕೆ ಹೆಸರು ನೋಂದಾಯಿಸಿದ್ದೇವೆ.

ಕಸಿಯಾದ ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯದಿಂದ ಯಾರೂ ಒಳಗೆ ಬರುವಂತಿರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳು ಗೇಟಿನ ಹೊರಗೆ ನಿಂತು ಕ್ರಿಸ್ಮಸ್ ಹಾಡು ಹಾಡಿ ಹೋದರು, ಯಜಮಾನರು ಕಿಟಕಿಯಿಂದ ಕೈ ಬೀಸಿದರು. ಡಯಾಲಿಸಿಸ್ ಘಟಕದ ಸಿಸ್ಟರ್‌ಗಳೇ, ಟೆಕ್ನಿಷಿಯನ್ನರೇ, ಸೂಜಿ ಚುಚ್ಚುವಾಗ ಪ್ರತಿ ಸಲ ಹೇಳಿ ಚುಚ್ಚಿದ ನಿಮ್ಮನ್ನು ನಾವು ಮರೆಯುವುದಿಲ್ಲ.

ಇನ್ನೊಂದು ವಿಷಯ. ಆ ಊಟದ ಸರದಿ ನಿಂತಿಲ್ಲ. ನಮ್ಮ ಪಕ್ಕದ ಮಂಚದಲ್ಲಿದ್ದ ತರುಣನಿಗೆ ಇನ್ನೂ ಡಯಾಲಿಸಿಸ್ ನಡೆಯುತ್ತಿದೆ, ಮನೆಯಲ್ಲಿ ವಯಸ್ಸಾದ ತಾಯಿ ಮಾತ್ರ ಇದ್ದಾರೆ, ಅವರು ನಮ್ಮ ಸಭೆಯವರಲ್ಲ. ಸ್ತ್ರೀಯರ ಸಂಘ ಅದೇ ಪಥ್ಯದ ಪಟ್ಟಿ ಹಿಡಿದು ಅವರಿಗೂ ಬುತ್ತಿ ಕಳುಹಿಸುತ್ತಿದೆ. ಮಂಗಳವಾರದ ಸರದಿ ನಾವು ವಹಿಸಿಕೊಂಡಿದ್ದೇವೆ. ತರಕಾರಿ ಬಸಿಯುವ ಕೆಲಸ ಯಜಮಾನರದು. ಶುಕ್ರವಾರಕ್ಕೆ ಇನ್ನೂ ಒಂದು ಮನೆ ಬೇಕಾಗಿದೆ. ಆಗುವವರು ಭಾನುವಾರ ಆರಾಧನೆ ಮುಗಿದ ಮೇಲೆ ಸಂಘದ ಅಕ್ಕಂದಿರಿಗೆ ಹೇಳಿ.