ಮಗಳಿಗೊಂದು ಪತ್ರ: ಇರ್ಫಾನ್‌ನ ವೀಸಾ ಕುರಿತು

ಜುಬೈಲ್

ಪ್ರೀತಿಯ ಮಗಳೇ, ಅಸ್ಸಲಾಮು ಅಲೈಕುಂ.

ಇರ್ಫಾನ್‌ಗೆ ಸೌದಿಯ ಫ್ರೀ ವೀಸಾ, ಅಂದರೆ ಎಲ್ಲಿ ಬೇಕಾದರೂ ದುಡಿಯಬಹುದು ಎಂದು ಏಜೆಂಟರು ಮಾರುವ ವೀಸಾ, ಸಿಕ್ಕಿದೆ ಎಂದು ಬರೆದಿದ್ದೀಯ. ನಮ್ಮ ದೀನಿನ, ಧರ್ಮದ ನಾಡಲ್ವಾ, ಅಲ್ಲಿ ಕೂಲಿ ಯಾಕೆ ತಡೀತಾರೆ ಎಂದೂ ಕೇಳಿದ್ದೀಯ. ಮಕ್ಕಾ ಹತ್ತಿರ ಇದ್ದ ಮಾತ್ರಕ್ಕೆ ವೀಸಾ ಕೊಡುವ ಧಣಿಗಳಾದ ಎಲ್ಲ ಕಫೀಲರಿಗೂ ದೇವರ ಭಯ ಇರುವುದಿಲ್ಲ ಮಗಳೇ.

ಕುರ್‌ಆನ್‌ನ ಸೂರಃ ಅಲ್ ಕಸಸ್ ಅಧ್ಯಾಯ ಇನ್ನೊಮ್ಮೆ ಓದು. ಮೂಸಾ ನಬಿ ಮದ್ಯನ್‌ಗೆ ಬಂದಾಗ ಕೈಯಲ್ಲಿ ಏನೂ ಇಲ್ಲದ ಪರದೇಶಿ. ಇಬ್ಬರು ಹುಡುಗಿಯರ ಜಾನುವಾರುಗಳಿಗೆ ನೀರು ಸೇದಿ ಕೊಟ್ಟು ನೆರಳಿಗೆ ಸರಿದರು. ಕೂಲಿ ಕೇಳಲಿಲ್ಲ. ಹುಡುಗಿಯರ ತಂದೆಯೇ ಹೇಳಿಕಳಿಸಿ, ಕರೆದು ಕೂಲಿ ಕೊಡಲು ಮುಂದಾದರು. ಇವರನ್ನು ಕೆಲಸಕ್ಕಿಟ್ಟುಕೊಳ್ಳಿ ಎಂದದ್ದು ಮಗಳು, ನೆನಪಿದೆಯಾ? ಆಮೇಲೆ ತಂದೆ ಮಾತು ಬಿಡಿಸಿ ಆಡಿದರು: 8 ವರ್ಷ ದುಡಿಯಬೇಕು, 10 ಮಾಡಿದರೆ ಅದು ನಿನ್ನ ಇಷ್ಟ, ನಿನಗೆ ಕಷ್ಟ ಕೊಡುವ ಮನಸ್ಸು ನನಗಿಲ್ಲ. ಅದಕ್ಕೆ ಅಲ್ಲಾಹನೇ ಸಾಕ್ಷಿ ಎಂದರು ಮೂಸಾ. ಪರದೇಶಿಗೆ ಕೆಲಸ ಕೊಡುವ ರೀತಿ ಅದು.

ಈಗ ಫ್ರೀ ವೀಸಾ ನೋಡು. ಲಕ್ಷಗಟ್ಟಲೆ ಕೊಟ್ಟು ಕೊಂಡದ್ದು. ಇಕಾಮಾದಲ್ಲಿ, ಅಂದರೆ ಇಲ್ಲಿರಲು ಕೊಡುವ ಪರವಾನಗಿಯಲ್ಲಿ, ಮನೆ ಡ್ರೈವರ್; ದುಡಿಯುವುದು ಯಾರದೋ ಅಂಗಡಿಯಲ್ಲಿ. ಕಫೀಲನಿಗೂ ಇವನಿಗೂ ನಡುವಿನ ಕರಾರೇ ಸುಳ್ಳು. ಅಂಗಡಿಯವ ಸಂಬಳ ಕೊಡದಿದ್ದರೆ ದೂರು ಎಲ್ಲಿ ಕೊಡ್ತಾನೆ? ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವುದು ಇವನೇ. ಕಫೀಲ ಮುನಿದು 'ಓಡಿಹೋದ' ಎಂದು ಸರ್ಕಾರಕ್ಕೆ ದೂರಿ ಹುರೂಬ್ ಹಾಕಿಸಿದರೆ ಊರಿಗೆ ಹೋಗುವುದೂ ಕಷ್ಟ. 2021ರ ಮಾರ್ಚ್ 14ರಿಂದ ಕೆಲಸ ಬದಲಾಯಿಸುವುದು, ಊರಿಗೆ ಹೊರಡುವುದು ಇಲ್ಲಿ ಸುಲಭವಾಯಿತು, ನಿಜ. ಆದರೆ ಮನೆ ಡ್ರೈವರ್, ಮನೆಕೆಲಸದವರನ್ನು ಆ ಸುಧಾರಣೆಯಿಂದ ಹೊರಗಿಟ್ಟರು.

'ಮಾಡಿಕೊಂಡ ಕರಾರುಗಳನ್ನು ಪೂರೈಸಿರಿ' ಎಂದು ಕುರ್‌ಆನ್ ಹೇಳಿರುವುದು ಧಣಿಗೂ ಆಳಿಗೂ. ಅದಕ್ಕೇ ಏಜೆಂಟ್ ಮೇಲೆ ನನಗೆ ಜಾಸ್ತಿ ಸಿಟ್ಟು. ಜುಮಾಕ್ಕೆ ಮೊದಲ ಸಾಲಲ್ಲಿ ನಿಲ್ಲುತ್ತಾನೆ, ಈ ಸುಳ್ಳು ಮಾರುತ್ತಾನೆ.

ಸಂಬಳ ನಿಂತ ಹುಡುಗರಿಗೆ ಎಲ್ಲರೂ 'ಸಬ್ರ್ ಮಾಡು, ತಾಳ್ಮೆಯಿಂದಿರು' ಅನ್ನುತ್ತಾರೆ. ಸುಮ್ನೆ ಕೂರುವುದು ಸಬ್ರ್ ಅಂತ ಯಾರು ಹೇಳಿದರೋ! ಬೆವರು ಆರುವ ಮೊದಲು ಕೂಲಿ ಕೊಡಿ ಎಂದ ಹದೀಸ್, ನಬಿಯವರ ಮಾತು, ಧಣಿಗೆ ಹೇಳಿದ್ದು. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಕಿಯಾಮತ್‌ನ ಅಂತಿಮ ತೀರ್ಪಿನ ದಿನ ತಾನೇ ಎದುರಾಳಿ ಎಂದು ಅಲ್ಲಾಹನು ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಹಕ್ಕು ಕೇಳುವುದು ಹಟವಲ್ಲ.

ಬಿಸಿಲು, ಕ್ಯಾಂಪಿನ ಊಟ ಎಲ್ಲ ಸಹಿಸಬಹುದು. ವೀಸಾಕ್ಕೆಂದು ಮಾಡಿದ ಸಾಲ ಮಾತ್ರ ಮಲಗಲು ಬಿಡುವುದಿಲ್ಲ.

ನೀನು ಓದಿದವಳು. ಇರ್ಫಾನ್‌ನ ಹತ್ತಿರ ಕೆಲಸದ ಕರಾರು ಕೇಳು. ಕಂಪನಿ, ಕೆಲಸ, ಸಂಬಳ ಬರೆದಿರಬೇಕು. ಏಜೆಂಟ್‌ನ ನೋಂದಣಿ ಸಂಖ್ಯೆಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕು. ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇರ್ಫಾನ್‌ನ ಉಮ್ಮ ಬಳೆ ಅಡವಿಡುವ ಮೊದಲೇ ಇದನ್ನು ಹೇಳು. ನಾಳೆಯೇ ಹೋಗು.

ನಿನ್ನ ಅಬ್ಬ