ಇಲ್ಲಿ ಚಿನ್ನವೇ ಒರೆಗಲ್ಲು

ಮಾನ್ಯ ಸಂಪಾದಕರೇ,

ಚಿನ್ನದ ಹುಟ್ಟಿನ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆವು. ಕೆಜಿಎಫ್ ಗಣಿಯ ಚಿನ್ನವೂ ಸೇರಿ ಬಹುಪಾಲು ಚಿನ್ನ ಹುಟ್ಟಿದ್ದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಂಥ ಅಬ್ಬರದಲ್ಲಿ ಎಂಬುದು ಸರಿ. ಆ ‘ಬಹುಪಾಲು’ ಟೆಲಿಸ್ಕೋಪಿನಲ್ಲಿ ಕಂಡದ್ದು ಎಂದು ಬರೆದದ್ದು ಮಾತ್ರ ತಪ್ಪು. ಅದು ಬರೀ ಕಳೆಯುವ ಲೆಕ್ಕ. ಕೆಂಪು ದೈತ್ಯ ನಕ್ಷತ್ರಗಳ ಒಡಲಲ್ಲಿ ಒಂದೊಂದೇ ನ್ಯೂಟ್ರಾನ್ ನುಂಗುತ್ತಾ ನಿಧಾನಕ್ಕೆ ಬೆಳೆದ ಪಾಲನ್ನು ಒಟ್ಟಿನಿಂದ ಕಳೆದರೆ ಉಳಿದದ್ದು ಅಬ್ಬರದ ಪಾಲು. ನಿಧಾನದ ಪಾಲು ಸಿಗಬೇಕಾದರೆ ಯಾವ ಐಸೋಟೋಪು ನ್ಯೂಟ್ರಾನನ್ನು ಎಷ್ಟು ಸಲೀಸಾಗಿ ಹಿಡಿಯುತ್ತದೆ, ಅಂದರೆ ಅದರ ಅಡ್ಡಕೊಯ್ತ ಎಷ್ಟು ಎಂದು ಇಲ್ಲೇ ನೆಲದ ಮೇಲೆ ಅಳೆಯಬೇಕು.

ಅಳೆಯಲು ಬೇಕಾದ ನ್ಯೂಟ್ರಾನುಗಳನ್ನು ಹುಟ್ಟಿಸಲು ಲಿಥಿಯಂ-7ರ ಮೇಲೆ 1912 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್ ಬಿಡುತ್ತಾರೆ. ಕ್ರಿಯೆಯ ಹೊಸ್ತಿಲು 1881. ಹೊಸ್ತಿಲನ್ನು ಇಷ್ಟೇ ದಾಟಿದಾಗ ನ್ಯೂಟ್ರಾನುಗಳೆಲ್ಲ ಸುಮಾರು 120 ಡಿಗ್ರಿ ಅಗಲದ ಶಂಕುವಿನಲ್ಲಿ ಮುಂದಕ್ಕೇ ಹೊರಡುತ್ತವೆ. ಅವುಗಳ ಶಕ್ತಿಯ ಹಂಚಿಕೆ 29 ಕೋಟಿ ಡಿಗ್ರಿ ಕಾವಿನ ನಕ್ಷತ್ರದೊಳಗಿನದಕ್ಕೆ ಬಹಳ ಹತ್ತಿರ. ಪ್ರೋಟಾನ್ ಶಕ್ತಿ ಸ್ವಲ್ಪ ಜಾರಿದರೂ ಈ ಹೊಂದಾಣಿಕೆ ಕೆಡುತ್ತದೆ.

ಅಳೆಯಬೇಕಾದ ಐಸೋಟೋಪಿನ ಮಾದರಿಯನ್ನು ಎರಡು ಚಿನ್ನದ ತಗಡುಗಳ ನಡುವೆ ಇಡುತ್ತಾರೆ. 10 ಮಿಲಿಮೀಟರ್ ವ್ಯಾಸ, 0.03 ಮಿಲಿಮೀಟರ್ ದಪ್ಪದ ತಗಡು ಸುಮಾರು 45 ಮಿಲಿಗ್ರಾಂ ತೂಗುತ್ತದೆ, ಗುಲಗಂಜಿಯ ಅರ್ಧವೂ ಇಲ್ಲ. ನ್ಯೂಟ್ರಾನ್ ಹಿಡಿದ ಚಿನ್ನ-197 ಚಿನ್ನ-198 ಆಗಿ, 2.7 ದಿನದ ಅರ್ಧಾಯುವಿನಲ್ಲಿ ಕ್ಷಯಿಸುತ್ತಾ 412 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣ ಬಿಡುತ್ತದೆ. ಚಿನ್ನದ ಅಡ್ಡಕೊಯ್ತ ಮೊದಲೇ ಗೊತ್ತಿರುವುದರಿಂದ, ಜರ್ಮೇನಿಯಂ ಡಿಟೆಕ್ಟರಿನಲ್ಲಿ ಅದನ್ನು ಎಣಿಸಿದರೆ ಮಾದರಿಗೆ ಎಷ್ಟು ನ್ಯೂಟ್ರಾನ್ ತಗುಲಿತು ಎಂಬುದು ಸಿಗುತ್ತದೆ. ಮಾದರಿಯ ಕ್ಷಯವನ್ನೂ ಹೀಗೆಯೇ ಎಣಿಸಿ ಹೋಲಿಸಿದರೆ ಅದರ ಅಡ್ಡಕೊಯ್ತ ಸಿಗುತ್ತದೆ. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ಚಿನ್ನ ನೋಡಿದರೆ, ಇಲ್ಲಿ ಚಿನ್ನವೇ ಒರೆಗಲ್ಲು.

ಕೆಡುವುದು ಹೆಚ್ಚಾಗಿ ಲಿಥಿಯಂ. 180 ಡಿಗ್ರಿಗೇ ಕರಗುತ್ತದೆ, ಹಿಂಬದಿಯ ತಂಪು ಸಾಲದಿದ್ದರೆ ಪದರವೇ ಹೋಗುತ್ತದೆ. ಗಾಳಿ ತಾಕಿದರೆ ಕಪ್ಪಾಗುತ್ತದೆ. ಪದರ ಸವೆದಂತೆ ನ್ಯೂಟ್ರಾನ್ ಇಳುವರಿಯೂ ಇಳಿಯುವುದರಿಂದ ಪಕ್ಕದಲ್ಲೊಂದು ಡಿಟೆಕ್ಟರ್ ಇಟ್ಟು ಏರಿಳಿತವನ್ನು ಉದ್ದಕ್ಕೂ ದಾಖಲಿಸಬೇಕು. ಇಲ್ಲದಿದ್ದರೆ ಅರ್ಧಾಯು ಕಡಿಮೆಯಿರುವ ಐಸೋಟೋಪುಗಳ ಲೆಕ್ಕ ಕೆಡುತ್ತದೆ. ಗೋಡೆಗೆ ಬಡಿದು ನಿಧಾನವಾಗಿ ಮರಳುವ ನ್ಯೂಟ್ರಾನುಗಳದು ಇನ್ನೊಂದು ಕಾಟ: ಚಿನ್ನದ ಅಡ್ಡಕೊಯ್ತ ಅವಕ್ಕೆ ಸುಮಾರು 99 ಬಾರ್ನ್ (ಅಡ್ಡಕೊಯ್ತದ ಅಳತೆಯ ಮಾನ), ನಕ್ಷತ್ರದ ಕಾವಿನವಕ್ಕೆ ಒಂದು ಬಾರ್ನ್ ಕೂಡ ಇಲ್ಲ. ಬೆರಳೆಣಿಕೆಯಷ್ಟು ಬಂದರೂ ಒರೆ ಸುಳ್ಳು ಹೇಳುತ್ತದೆ.

ನ್ಯೂಟ್ರಾನ್ ಹಿಡಿದ ಮೇಲೆ ಸ್ಥಿರವಾಗಿಯೇ ಉಳಿಯುವ ಐಸೋಟೋಪಿಗೆ ಈ ದಾರಿ ನಡೆಯದು, ಎಣಿಸಲು ಕ್ಷಯವೇ ಇಲ್ಲ. ಆಗ ನ್ಯೂಟ್ರಾನಿನ ಓಟದ ಸಮಯ ಹಿಡಿದು ಅದರ ಶಕ್ತಿ ತಿಳಿಯಬೇಕು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನ 185 ಮೀಟರ್ ದಾರಿಯನ್ನು 25 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ನ್ಯೂಟ್ರಾನ್ ಸುಮಾರು 85 ಮೈಕ್ರೋಸೆಕೆಂಡಿನಲ್ಲಿ ಮುಗಿಸುತ್ತದೆ.

ಚಿನ್ನದ್ದೇ ಅಡ್ಡಕೊಯ್ತಕ್ಕೆ 1988ರ ಜರ್ಮನಿಯ ಕಾರ್ಲ್ಸ್‌ರೂಹೆ ಅಳತೆ ದಶಕಗಳ ಕಾಲ ಆಧಾರವಾಗಿತ್ತು. ಆಮೇಲೆ ಅದನ್ನು ಸುಮಾರು ಶೇ 5ರಷ್ಟು ಮೇಲಕ್ಕೆ ತಿದ್ದಲಾಗಿದೆ. ಹಳೆಯ ಒರೆಗೆ ಹಚ್ಚಿ ಪಡೆದ ಅಂಕಿಗಳೂ ಅಷ್ಟೇ ಏರಬೇಕು. ಇಂಥ ಅಂಕಿಗಳನ್ನು ಮುಂದೆ ಪ್ರಕಟಿಸುವಾಗ ಚಿನ್ನದ ಯಾವ ಬೆಲೆಯನ್ನು ಆಧಾರವಾಗಿ ಹಿಡಿದದ್ದು ಎಂದೂ ಒಂದು ಸಾಲು ಸೇರಿಸಿ. ಪೇಟೆಯ ಬೆಲೆಯಲ್ಲ, ಬಾರ್ನ್‌ಗಳಲ್ಲಿ!

— ಭೌತಶಾಸ್ತ್ರ ಅಧ್ಯಾಪಕರು, ಕೋಲಾರ