ಹೊಲದಲ್ಲಿ ಸಿಕ್ಕ ಬಿಲ್ಲೆ ನಾಣ್ಯವಲ್ಲ, ವರ್ಕ್‌ಶಾಪಿನ ಟೋಕನ್

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ ಪಕ್ಕದ ಕುಸುಗಲ್ ಕಡೆಯ ಹೊಲವೊಂದರಲ್ಲಿ ಹುಡುಗನೊಬ್ಬನ ಮೆಟಲ್ ಡಿಟೆಕ್ಟರಿಗೆ ಸಿಕ್ಕ 'ಹಳೇ ನಾಣ್ಯ'ದ ಫೋಟೊ ನಮ್ಮ ಓಣಿಯ ವಾಟ್ಸಾಪ್‌ನಲ್ಲೆಲ್ಲ ಓಡಾಡುತ್ತಿದೆ. ಒಬ್ಬರು ಲೊಕ್ಕಿಗದ್ಯಾಣ, ಅಂದರೆ ಹಳೇ ರಾಜರ ಕಾಲದ ಬಂಗಾರದ ನಾಣ್ಯ ಎಂದರು. ಇನ್ನೊಬ್ಬರು ಅಕ್ಕಿ ಕಾಳನ್ನು ಆಯಸ್ಕಾಂತದಂತೆ ಎಳೆಯುವ ಮಾಯದ ನಾಣ್ಯ, ಲಕ್ಷಗಟ್ಟಲೆ ಬೆಲೆ ಎಂದು ಹುಡುಗನ ತಲೆ ಕೆಡಿಸಿದರು. ಗದ್ಯಾಣ ಬಂಗಾರದ್ದು, ಅದಕ್ಕೆ ಇದರಂತೆ ಹಸಿರು ಕಿಲುಬು ಹಿಡಿಯುವುದಿಲ್ಲ. ಅಕ್ಕಿ ಎಳೆಯುವುದಂತೂ ಶುದ್ಧ ಟೋಪಿ ಹಾಕುವ ದಂಧೆ.

ಹುಡುಗ ಅದನ್ನು ನನ್ನ ಹತ್ತಿರ ತಂದಿದ್ದ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ನಮ್ಮಪ್ಪನೂ ಅಲ್ಲೇ ಇದ್ದವರು. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು, ಇದು ಕಾರ್ಮಿಕನ ಟೋಕನ್, ಅಂದರೆ ಅವನ ನಂಬರ್ ಹೊಡೆದ ಬಿಲ್ಲೆ.

ಹಿತ್ತಾಳೆ ಬಿಲ್ಲೆ. ಹಿಂಬದಿ ಬೋಳು. ಮೇಲೊಂದು ತೂತು. ಆ ತೂತು ಈಗ ದುಂಡಗಿಲ್ಲ, ಮೇಲ್ಮುಖವಾಗಿ ಉದ್ದ ಆಗಿದೆ. ಅಂಚಿಗೂ ತೂತಿಗೂ ನಡುವೆ ಸಣ್ಣ ಎಳೆಯಷ್ಟು ಲೋಹ ಉಳಿದಿದೆ. ದಿನಾ ಮೊಳೆಗೆ ನೇತು ಹಾಕಿ ಸವೆದದ್ದು ಅದು. ಕೊರಳಿಗೆ ಹಾಕಿಕೊಂಡ ತಾಯಿತವಾಗಿದ್ದರೆ ಹಿಂಬದಿಯೂ ಮೈಗೆ ಉಜ್ಜಿ ನುಣುಪಾಗಬೇಕಿತ್ತು, ಅಲ್ವಾ? ಇಲ್ಲಿ ಅರ ಉಜ್ಜಿದ ಗೆರೆಗಳು ಇನ್ನೂ ಕಾಣುತ್ತವೆ. ನಡುವಿನ ಅಂಕಿಗಳು ಒಂದೇ ಸಾಲಿನಲ್ಲಿಲ್ಲ. ಒಂದೊಂದೇ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಟಂಕಸಾಲೆಯ ಕೆಲಸ ಹೀಗಿರುವುದಿಲ್ಲ.

ಅಂಚಿನ ಇಂಗ್ಲಿಷ್ ಅಕ್ಷರಗಳು ಬಹಳ ಸವೆದಿವೆ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದಾಗ ಒಂದು 'ಎಂ', ಸ್ವಲ್ಪ ಬಿಟ್ಟು 'ಎಸ್ ಎಂ' ಎದ್ದು ಬಂತು. ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ, ನಮ್ಮ ಹುಬ್ಬಳ್ಳಿ ವರ್ಕ್‌ಶಾಪನ್ನು ಆಗ ನಡೆಸುತ್ತಿದ್ದ ಕಂಪನಿ! ಆ ಕಂಪನಿ ಹುಟ್ಟಿದ್ದು 1908ರಲ್ಲಿ. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿತು. 1966ರಲ್ಲಿ ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರವೇ ಆಯಿತು. ಹೀಗಾಗಿ ಬಿಲ್ಲೆಯ ಮೇಲೆ ಇಸವಿ ಇಲ್ಲದಿದ್ದರೂ ಅಕ್ಷರ ಸಿಕ್ಕರೆ ಕಾಲ ಸಿಗುತ್ತದೆ.

ಅದೇ ಕಂಪನಿಗೆ ಮದ್ರಾಸಿನ ಪೆರಂಬೂರಿನಲ್ಲೂ ವರ್ಕ್‌ಶಾಪ್ ಇತ್ತು, ಅಲ್ಲಿಯದೂ ಆಗಬಹುದಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕುಸುಗಲ್ ಹೊಲಕ್ಕೆ ಅದು ಹೇಗೆ ಬಂತು ಎಂದು ಯೋಚಿಸಿ. ಪ್ಲಾಸ್ಟಿಕ್ ಹಾವಳಿ ಜಾಸ್ತಿ ಆಗುವ ಮುಂಚೆ ಹುಬ್ಬಳ್ಳಿ ಊರಿನ ಕಸ ಹರಾಜಾಗುತ್ತಿತ್ತು. ಸುತ್ತಲಿನ ರೈತರು ಗೊಬ್ಬರ ಎಂದು ಚಕ್ಕಡಿ ತುಂಬಿಸಿಕೊಂಡು ಹೋಗಿ ಹೊಲಕ್ಕೆ ಹರವುತ್ತಿದ್ದರು. ಯಾರದೋ ಜೇಬಿನಿಂದ ಬಿದ್ದದ್ದು ತಿಪ್ಪೆ ಸೇರಿ ಹೊಲ ಮುಟ್ಟಿದೆ. ಕರಿ ಮಣ್ಣಿನ ಎರೆ ಹೊಲ ಬೇರೆ, ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಕೈ ಹೋಗುವಷ್ಟು ಬಾಯಿ ತೆರೆಯುತ್ತದೆ. ಅದರೊಳಗೆ ಇಳಿದಿರಬೇಕು.

ಈಗಿನವರಿಗೆ ಇದರ ಬಳಕೆ ಗೊತ್ತಿಲ್ಲ. ಗೇಟಿನಲ್ಲಿ ಹಲಗೆಗೆ ತೂಗುಹಾಕಿದ ತನ್ನ ಟೋಕನ್ ತೆಗೆದು ಪೆಟ್ಟಿಗೆಗೆ ಹಾಕಿದರೇ ಹಾಜರಿ. ಸೈರನ್ ಆದ ಮೇಲೆ ಹಲಗೆಯಲ್ಲಿ ಯಾರ ಬಿಲ್ಲೆ ಉಳಿಯಿತೋ ಅವನ ಪಗಾರಕ್ಕೆ ಕತ್ತರಿ. ಟೂಲ್ ರೂಮಿನಲ್ಲಿ ಬೇರೆ ಬಿಲ್ಲೆಗಳಿದ್ದವು. ಅಳತೆಯ ಮೈಕ್ರೋಮೀಟರ್ ಒಯ್ದರೆ ಅದರ ಜಾಗದ ಮೊಳೆಗೆ ಒಯ್ದವನ ಬಿಲ್ಲೆ. ಸಂಜೆ ವಾಪಸ್ ಬರದಿದ್ದರೆ ನಾವು ನಂಬರ್ ನೋಡಿ ಹುಡುಕಿಕೊಂಡು ಹೋಗುತ್ತಿದ್ದೆವು. ಹೆಸರಿಗಿಂತ ನಂಬರೇ ಮೊದಲು ಬಾಯಿಗೆ ಬರುತ್ತಿತ್ತು.

ಡಿಟೆಕ್ಟರ್ ಕೊಂಡಿರುವ ಹುಡುಗರಿಗೆ ಒಂದು ವಿನಂತಿ. ಸಿಕ್ಕದ್ದನ್ನು ಹುಣಸೆಹಣ್ಣು, ಪೀತಾಂಬರಿ ಪುಡಿ ಹಾಕಿ ತಿಕ್ಕಬೇಡಿ, ಉಳಿದ ಅಕ್ಷರವೂ ಹೋಗುತ್ತದೆ. ನೀರಲ್ಲಿ ನೆನೆಸಿ ಮೆತ್ತನೆ ಬ್ರಷ್ ಆಡಿಸಿದರೆ ಸಾಕು. ನಿಮ್ಮ ಹೊಲ ಬಿಟ್ಟು ಲಕ್ಕುಂಡಿಯ ಗುಡಿಗಳ ಸುತ್ತ ಯಂತ್ರ ಹಿಡಿದು ಅಡ್ಡಾಡಬೇಡಿ. ರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯುವುದು ಅಪರಾಧ. ನಿಧಿ ಥರದ್ದು ಸಿಕ್ಕರೆ, ಸ್ವಂತ ಹೊಲದಲ್ಲೇ ಆದರೂ, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಗದಗ ರಸ್ತೆಯ ರೈಲ್ವೆ ಮ್ಯೂಸಿಯಂನವರು ಇಂಥ ಬಿಲ್ಲೆಗಳಿಗೆ ಒಂದು ಹಲಗೆ ಮೀಸಲಿಡಲಿ, ಮೊಳೆ ಹೊಡೆದು, ಹಾಜರಿ ಹಾಕುವ ಹಳೇ ಟೈಮ್ ಆಫೀಸಿನ ಥರವೇ. ಎಷ್ಟೋ ಮನೆಗಳಲ್ಲಿ ಇವು ಬೀಗದ ಕೈ ಗೊಂಚಲಿನಲ್ಲಿವೆ. ಗುಜರಿಯವನು ತೂಕಕ್ಕೆ ಒಯ್ದದ್ದೂ ಬಹಳ.

ಈ ಬಿಲ್ಲೆಯ ನಂಬರ್ 274 ಎಂದು ಶುರುವಾಗುತ್ತದೆ. ಕೊನೇ ಅಂಕಿ 3 ಅಥವಾ 8, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ತೆಗೆದರೂ ಬಗೆಹರಿಯಲಿಲ್ಲ. ಅಜ್ಜನ ಪಗಾರ ಚೀಟಿಯಲ್ಲೋ ಪ್ರಾವಿಡೆಂಟ್ ಫಂಡ್ ಕಾಗದದಲ್ಲೋ ಈ ನಂಬರ್ ಇರುವವರು ದಯವಿಟ್ಟು ಪತ್ರಿಕೆಗೆ ಬರೆಯಿರಿ. ಹುಡುಗ ಕೊಡಲು ಒಪ್ಪಿದ್ದಾನೆ.

ನಿವೃತ್ತ ಟೂಲ್ ರೂಮ್ ನೌಕರ,
ಕೇಶ್ವಾಪುರ, ಹುಬ್ಬಳ್ಳಿ